ಮನೆಯಲ್ಲಿ ವಿದ್ಯುತ್ ಕಾರು ಚಾರ್ಜ್ ಮಾಡುವ ಸುರಕ್ಷಿತ ಕ್ರಮ: ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಯವರೆಗೆ

ವಿದ್ಯುತ್ ಕಾರನ್ನು ಮನೆಯಲ್ಲಿ ಚಾರ್ಜ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಬ್ಯಾಟರಿಯ ಬಗ್ಗೆ ನೂರೆಂಟು ಅನುಮಾನಗಳನ್ನು ಇಟ್ಟುಕೊಂಡು, ಅದಕ್ಕೆ ವಿದ್ಯುತ್ ಒದಗಿಸುವ ಗೋಡೆಯ ಸಾಕೆಟ್ಟನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ. ಬ್ಯಾಟರಿಯ ಒಳಗೆ ಕೋಶಗಳ ವೋಲ್ಟೇಜನ್ನೂ ಉಷ್ಣತೆಯನ್ನೂ ಸದಾ ಗಮನಿಸುತ್ತ, ಅಗತ್ಯ ಬಿದ್ದರೆ ಚಾರ್ಜಿಂಗ್ ನಿಲ್ಲಿಸುವ ನಿಯಂತ್ರಣ ವ್ಯವಸ್ಥೆ ಇರುತ್ತದೆ. ಸಾಮಾನ್ಯ ಸಾಕೆಟ್ಟಿನ ಹಿಂದೆ ಸಡಿಲವಾದ ತಿರುಪು ಬಿಸಿಯಾಗುತ್ತಿದ್ದರೆ ಅದನ್ನು ಗಮನಿಸುವವರು ಯಾರೂ ಇರುವುದಿಲ್ಲ.

ಆದ್ದರಿಂದ ಇಲ್ಲಿನ ಹಂತಗಳು ಗೋಡೆಯಿಂದ ಆರಂಭವಾಗಿ ಬ್ಯಾಟರಿಯ ಕಡೆಗೆ ಸಾಗುತ್ತವೆ. ಮೊದಲ ನಾಲ್ಕು ಹಂತಗಳನ್ನು ಒಮ್ಮೆ ಸರಿಯಾಗಿ ಮುಗಿಸಿದರೆ ಸಾಕು. ಉಳಿದವು ದಿನನಿತ್ಯದ ಅಭ್ಯಾಸಕ್ಕೆ ಸೇರಿದವು. ಕ್ರಮ ತಪ್ಪಿಸಿ, ಮೊದಲು ಚಾರ್ಜ್‌ಗೆ ಹಾಕಿ ಆಮೇಲೆ ವೈರಿಂಗ್ ನೋಡೋಣ ಎಂದು ಹೊರಟವರೇ ಸುಟ್ಟ ಪ್ಲಗ್ಗನ್ನು ಹಿಡಿದುಕೊಂಡು ಪ್ರಶ್ನೆ ಕೇಳುತ್ತಾರೆ.

ಬೇಕಾಗುವ ಸಲಕರಣೆಗಳು

ಕಾರಿನ ಮಾಲೀಕರ ಕೈಪಿಡಿ, ಕಾರಿನ ಜೊತೆ ಬಂದ ಚಾರ್ಜಿಂಗ್ ಕೇಬಲ್, ಒಂದು ಟಾರ್ಚು, ಮುಟ್ಟದೆಯೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರು, ಒಂದು ಪುಟ್ಟ ನೋಟ್‌ಬುಕ್ಕು ನಿಮ್ಮ ಬಳಿ ಇರಲಿ. ವೋಲ್ಟೇಜ್ ಮತ್ತು ಅರ್ತಿಂಗ್ ಅಳೆಯುವ ಮೀಟರುಗಳನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ತರುತ್ತಾರೆ. ಬೋರ್ಡು ಬಿಚ್ಚುವ ಕೆಲಸವೆಲ್ಲ ಅವರದು. ಅವರು ಏನನ್ನು ಪರೀಕ್ಷಿಸಬೇಕು ಎಂದು ಕೇಳುವ ಕೆಲಸ ನಿಮ್ಮದು. ಕಾರು ನಿಲ್ಲಿಸುವ ಜಾಗ ಮುಚ್ಚಿದ ಗ್ಯಾರೇಜಾಗಿದ್ದರೆ ಅಲ್ಲೊಂದು ಹೊಗೆ ಅಥವಾ ಉಷ್ಣತೆಯ ಎಚ್ಚರಿಕೆ ಗಂಟೆ ಬೇಕು, ಅದರ ಸದ್ದು ಮಲಗುವ ಕೋಣೆಗೆ ಕೇಳಿಸುವಂತಿರಬೇಕು.

ಹಂತ 1: ಎಷ್ಟು ಕರೆಂಟು ಬೇಕೆಂಬ ಲೆಕ್ಕ

ದಿನಕ್ಕೆ 40 ಕಿಲೋಮೀಟರ್ ಓಡುವ ಕಾರೊಂದನ್ನು ತೆಗೆದುಕೊಳ್ಳಿ. ನೂರು ಕಿಲೋಮೀಟರಿಗೆ 15 ಯೂನಿಟ್ ಖರ್ಚಾಗುತ್ತದೆ ಎಂದು ಹಿಡಿದರೆ ಅದು ದಿನಕ್ಕೆ ಬಳಸುವುದು ಕೇವಲ 6 ಯೂನಿಟ್. 230 ವೋಲ್ಟಿನ ಸಾಲಿನಲ್ಲಿ 10 ಆಂಪಿಯರ್ ಎಳೆದರೆ ಗಂಟೆಗೆ 2.3 ಯೂನಿಟ್ ಸಿಗುತ್ತದೆ. ಚಾರ್ಜಿಂಗಿನಲ್ಲಿ ಆಗುವ ನಷ್ಟವನ್ನು ಸೇರಿಸಿಕೊಂಡರೂ ಸುಮಾರು ಮೂರು ಗಂಟೆಯಲ್ಲಿ ಆ ದಿನದ ಖರ್ಚು ತುಂಬಿಬಿಡುತ್ತದೆ. ರಾತ್ರಿಯಿಡೀ ನಿಲ್ಲುವ ಕಾರಿಗೆ ಇದಕ್ಕಿಂತ ಅವಸರ ಬೇಕಿಲ್ಲ.

ಈ ಲೆಕ್ಕ ಮೊದಲೇ ಬೇಕಾಗುವುದಕ್ಕೆ ಕಾರಣವಿದೆ. ವೈರಿನಲ್ಲೂ ಕೂಡುಗಳಲ್ಲೂ (ವೈರು, ತಿರುಪು, ಪ್ಲಗ್ಗು ಒಂದಕ್ಕೊಂದು ಸೇರುವ ಜಾಗಗಳು) ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಆಂಪಿಯರಿನಿಂದ 16ಕ್ಕೆ ಹೋದಾಗ ಕರೆಂಟು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ, ಬಿಸಿ ಎರಡೂವರೆ ಪಟ್ಟಾಗುತ್ತದೆ. ಕಾರಿನ ಪರದೆಯಲ್ಲೋ ಚಾರ್ಜಿಂಗ್ ಕೇಬಲ್ಲಿನ ನಡುವೆ ಇರುವ ನಿಯಂತ್ರಣ ಪೆಟ್ಟಿಗೆಯಲ್ಲೋ ಆಂಪಿಯರ್ ಇಳಿಸುವ ಸೌಲಭ್ಯವಿದ್ದರೆ, ನಿಮ್ಮ ಅಗತ್ಯಕ್ಕೆ ಸಾಕಾಗುವಷ್ಟು ಕಡಿಮೆ ಅಂಕಿಯನ್ನೇ ಇಟ್ಟುಕೊಳ್ಳಿ. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುವವರು ಸಾಕೆಟ್ಟಿನ ಆಸೆ ಬಿಟ್ಟು, ಗೋಡೆಗೆ ಶಾಶ್ವತವಾಗಿ ಕೂರಿಸುವ ಚಾರ್ಜರನ್ನೇ ಹಾಕಿಸಿಕೊಳ್ಳುವುದು ಲೇಸು.

ಹಂತ 2: ಕಾರಿಗೆಂದೇ ಪ್ರತ್ಯೇಕ ಸಾಲು

ಇಸ್ತ್ರಿ ಪೆಟ್ಟಿಗೆ, ಕೆಟಲ್ ಮುಂತಾದವು ಕೆಲವು ನಿಮಿಷ ಕರೆಂಟು ಎಳೆದು ಸುಮ್ಮನಾಗುತ್ತವೆ. ಅಷ್ಟರಲ್ಲಿ ಬಿಸಿಯಾದ ಸಾಕೆಟ್ಟು ತಣಿಯಲು ಸಮಯ ಸಿಗುತ್ತದೆ. ಕಾರು ಹಾಗಲ್ಲ, ಬಿಡುವಿಲ್ಲದೆ ಗಂಟೆಗಟ್ಟಲೆ ಎಳೆಯುತ್ತಲೇ ಇರುತ್ತದೆ. ಹತ್ತು ವರ್ಷ ತೊಂದರೆ ಕೊಡದ ಸಾಕೆಟ್ಟು ಕಾರು ಬಂದ ತಿಂಗಳಲ್ಲೇ ಸುಡುವುದರ ಹಿಂದಿನ ಗುಟ್ಟು ಇದೇ.

ಮುಖ್ಯ ಬೋರ್ಡಿನಿಂದ ಕಾರಿನ ಜಾಗದವರೆಗೆ ನಡುವೆ ಎಲ್ಲಿಯೂ ಕೂಡಿಲ್ಲದ ತಾಮ್ರದ ವೈರು ಎಳೆಸಿ, ಅದಕ್ಕೆ ಅದರದೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ಟ್ರಿಪ್ ಆಗಿ ತಾನಾಗಿ ಕಡಿತಗೊಳಿಸುವ ಸ್ವಿಚ್ಚು) ಇರಲಿ. ಸಾಮಾನ್ಯವಾಗಿ 10 ಆಂಪಿಯರಿಗೆ 2.5 ಚದರ ಮಿಲಿಮೀಟರ್, 16 ಆಂಪಿಯರಿಗೆ 4, 32 ಆಂಪಿಯರಿಗೆ 6 ಚದರ ಮಿಲಿಮೀಟರ್ ದಪ್ಪದ ವೈರು ಹಾಕುತ್ತಾರೆ; ದೂರ ಹೆಚ್ಚಿದ್ದರೆ ಅಥವಾ ವೈರು ಬಿಸಿಯಾದ ಚಾವಣಿಯೊಳಗೆ ಹಾಯುವಂತಿದ್ದರೆ ಅದಕ್ಕಿಂತ ಒಂದು ಅಳತೆ ಮೇಲಿನದು ಬೇಕಾಗುತ್ತದೆ. ನಿಮ್ಮಲ್ಲಿನ ವೈರಿಂಗ್ ನಿಯಮ ಇನ್ನೂ ಬಿಗಿಯಾಗಿದ್ದರೆ ಅದೇ ಅಂತಿಮ. ವೈರು ಬದಲಿಸದೆ ದೊಡ್ಡ ಎಂಸಿಬಿ ಮಾತ್ರ ಹಾಕಿಸುವುದು ತೀರ ಅಪಾಯದ ಕೆಲಸ, ಏಕೆಂದರೆ ಟ್ರಿಪ್ ಆಗಬೇಕಾದ ಸಮಯದಲ್ಲಿ ಅದು ಸುಮ್ಮನಿದ್ದು ವೈರನ್ನು ಸುಡಲು ಬಿಡುತ್ತದೆ.

ಸಾಕೆಟ್ಟಿನ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ಲಗ್ಗಿನ ಕಡ್ಡಿಯನ್ನು ಒಳಗಿನ ಹಿತ್ತಾಳೆಯ ಪಟ್ಟಿ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಹಳೆಯದಾಗಿ ಆ ಹಿಡಿತ ಸಡಿಲವಾದರೆ ಅಥವಾ ಹಿಂದಿನ ತಿರುಪು ಅರ್ಧ ಸುತ್ತು ಬಿಚ್ಚಿಕೊಂಡರೆ, ಅಲ್ಲಿ 0.1 ಓಮ್‌ನಷ್ಟು ಪ್ರತಿರೋಧ ಹುಟ್ಟಿತೆಂದುಕೊಳ್ಳಿ. 16 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ ಸುಮಾರು 25 ವ್ಯಾಟ್ ಬಿಸಿ ಏಳುತ್ತದೆ. ಬೆಸುಗೆ ಹಾಕುವ ಚಿಕ್ಕ ಸೋಲ್ಡರಿಂಗ್ ಕಡ್ಡಿಯ ಶಕ್ತಿಯೂ ಅಷ್ಟೇ. ಅಂಥ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಟ್ಟು ರಾತ್ರಿಯಿಡೀ ಉರಿಸಿದರೆ ಆಗುವುದೇ ಇಲ್ಲಿಯೂ ಆಗುತ್ತದೆ. ಬಿಸಿಗೆ ಹಿತ್ತಾಳೆ ಮೆತ್ತಗಾಗಿ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಪ್ರತಿರೋಧ ಮತ್ತಷ್ಟು ಏರುತ್ತದೆ.

ನನ್ನ ಮನೆಯಲ್ಲೇ ಇದು ಆಯಿತು. ಹಳೆಯ ಸಾಕೆಟ್ಟಿನಲ್ಲಿ ಎರಡು ವಾರ ಚಾರ್ಜ್ ಮಾಡಿದ ಮೇಲೆ ಒಂದು ಬೆಳಗ್ಗೆ ಗ್ಯಾರೇಜಿನಲ್ಲಿ ಹಸಿ ಮೀನಿನಂಥ ವಾಸನೆ ಬಂತು. ಪ್ಲಗ್ಗು ಕಿತ್ತು ನೋಡಿದಾಗ ಒಂದು ಕಡ್ಡಿಯ ಬುಡದಲ್ಲಿ ಉಗುರಿನಷ್ಟು ಅಗಲದ ಕಂದು ಉಂಗುರ ಮೂಡಿತ್ತು. ಸಾಕೆಟ್ಟುಗಳಲ್ಲಿ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಕಾದಾಗ ಇಂಥ ವಾಸನೆ ಬರುತ್ತದೆಂದು ನನಗೆ ಆಗ ತಿಳಿದಿರಲಿಲ್ಲ. ಎಂಸಿಬಿ ಟ್ರಿಪ್ ಆಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಹರಿಯುತ್ತಿದ್ದ ಕರೆಂಟು ಮಿತಿಯೊಳಗೇ ಇತ್ತು. ಸಡಿಲ ಕೂಡಿನ ಬಿಸಿಯನ್ನು ಎಂಸಿಬಿ ಪತ್ತೆ ಹಚ್ಚಲಾರದು ಎಂಬುದನ್ನು ದಯವಿಟ್ಟು ನೆನಪಿಡಿ.

ಎಕ್ಸ್‌ಟೆನ್ಶನ್ ಬೋರ್ಡು, ಪ್ಲಗ್ಗಿನ ಅಳತೆ ಬದಲಿಸುವ ಅಡಾಪ್ಟರು, ಸುರುಳಿ ಸುತ್ತಿಟ್ಟ ವೈರು, ಇವು ಒಂದು ರಾತ್ರಿಯ ಮಟ್ಟಿಗೂ ಬೇಡ. ಸುರುಳಿಯಲ್ಲಿ ಹುಟ್ಟಿದ ಬಿಸಿಗೆ ಹೊರಹೋಗಲು ದಾರಿ ಇರುವುದಿಲ್ಲ.

ಹಂತ 3: ಅರ್ತಿಂಗ್ ಮತ್ತು ಸೋರಿಕೆ ರಕ್ಷಣೆ

ಚಾರ್ಜಿಂಗ್ ಕೇಬಲ್ಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿ ಚಾರ್ಜ್ ಆಗುತ್ತಿಲ್ಲ ಎಂಬ ದೂರು ಪದೇ ಪದೇ ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಪೆಟ್ಟಿಗೆ ಕೆಟ್ಟಿರುವುದಿಲ್ಲ. ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇಲ್ಲವೆಂದು ಅದು ಹೇಳುತ್ತಿರುತ್ತದೆ. ಇಲ್ಲಿ ಕೆಲವರು ಮಾಡುವ ಉಪಾಯ ಪ್ರಾಣಕ್ಕೇ ಎರವಾಗುವಂಥದ್ದು. ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲಿನಿಂದ ಅರ್ತ್‌ಗೆ ತುಂಡು ವೈರು ಹಾಕಿಸುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆದರೆ ಆ ಸಾಲಿನ ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದ ಕ್ಷಣದಲ್ಲಿ ಕಾರಿನ ಇಡೀ ಲೋಹದ ಮೈಗೆ ಪೂರ್ತಿ ವೋಲ್ಟೇಜು ಬಂದು ನಿಲ್ಲುತ್ತದೆ. ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಕೆ ಮುಟ್ಟಿದವರ ಗತಿಯನ್ನು ಯೋಚಿಸಿ. ಯಾರೇ ಇದನ್ನು ಸೂಚಿಸಿದರೂ ಅವರಿಂದ ಕೆಲಸ ಮಾಡಿಸಬೇಡಿ. ಕೆಂಪು ದೀಪಕ್ಕೆ ಇರುವ ಪರಿಹಾರ ಒಂದೇ: ಅರ್ತಿಂಗನ್ನು ಮೀಟರಿನಿಂದ ಅಳೆಸಿ, ದೋಷವನ್ನು ಮೂಲದಲ್ಲಿಯೇ ಸರಿಪಡಿಸುವುದು.

ಈ ಸಾಲಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರಿದರೆ ಸಾಲನ್ನು ಕಡಿತಗೊಳಿಸುವ ಸಾಧನ) ಕಡ್ಡಾಯವಾಗಿ ಇರಲಿ. ಅದರಲ್ಲಿಯೂ ಬಗೆಗಳಿವೆ. ಎಸಿ ಎಂಬ ಬಗೆಯದು ಕಾರಿಗೆ ಸಾಲದು. ಕಾರಿನ ಚಾರ್ಜರಿನಿಂದ ನೇರ ವಿದ್ಯುತ್ತು (ಡಿಸಿ) ಸೋರಿದರೆ ಅಂಥ ಸಾಧನ ಮಂಕಾಗಿ, ನಿಜವಾದ ಸೋರಿಕೆಗೂ ಟ್ರಿಪ್ ಆಗದೆ ಉಳಿಯಬಹುದು. ಚಾರ್ಜರಿನಲ್ಲೇ 6 ಮಿಲಿಆಂಪಿಯರ್ ನೇರ ವಿದ್ಯುತ್ ಸೋರಿಕೆಯನ್ನು ಗುರುತಿಸುವ ವ್ಯವಸ್ಥೆ ಇದ್ದರೆ ಎ ಬಗೆಯ ಆರ್‌ಸಿಸಿಬಿ ಸಾಕು. ಇಲ್ಲವಾದರೆ ಬಿ ಬಗೆ ಬೇಕು. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು, ಚಾರ್ಜಿಂಗ್ ನಿಲ್ಲಿಸಿದ ಮೇಲೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದರೂ ಟ್ರಿಪ್ ಆಗದಿದ್ದರೆ ಅಂದೇ ಬದಲಿಸಿ.

ಹಂತ 4: ಎಚ್ಚರವಿದ್ದು ಮಾಡುವ ಮೊದಲ ಚಾರ್ಜ್

ಹೊಸ ಸಾಲಿನಲ್ಲಿ ಮೊದಲ ಚಾರ್ಜನ್ನು ರಾತ್ರಿ ಮಲಗುವಾಗ ಇಡಬೇಡಿ. ಹಗಲಿನಲ್ಲಿ, ನೀವು ಮನೆಯಲ್ಲಿರುವಾಗ, ಎರಡು ಗಂಟೆ ಬಿಡುವು ಮಾಡಿಕೊಂಡು ಆರಂಭಿಸಿ. ಹದಿನೈದನೆಯ ನಿಮಿಷ, ಒಂದು ಗಂಟೆ, ಎರಡು ಗಂಟೆ ಆದಾಗ ಪ್ಲಗ್ಗಿನ ಪ್ಲಾಸ್ಟಿಕ್ ಭಾಗ, ಸಾಕೆಟ್ಟಿನ ಮುಖ, ಕೇಬಲ್ಲು, ಎಂಸಿಬಿಯ ಮುಖ ಇವುಗಳ ಉಷ್ಣತೆಯನ್ನು ಅಳೆದು ಬರೆದಿಡಿ. ಇನ್‌ಫ್ರಾರೆಡ್ ಥರ್ಮಾಮೀಟರು ಹೊಳೆಯುವ ಲೋಹದ ಮೇಲೆ ತಪ್ಪು ಅಂಕಿ ತೋರಿಸುವುದರಿಂದ ಪ್ಲಾಸ್ಟಿಕ್ಕಿನ ಮೇಲೆಯೇ ಅದನ್ನು ಗುರಿಯಿಡಬೇಕು. ಸ್ವಲ್ಪ ಬೆಚ್ಚಗಾಗುವುದು ಸಹಜ. ಮೊದಲ ಗಂಟೆ ಏರಿ ಆಮೇಲೆ ಅಲ್ಲಿಯೇ ನಿಂತರೆ ಸರಿ. ಎರಡನೆಯ ಗಂಟೆಯಲ್ಲಿಯೂ ಏರುತ್ತಲೇ ಇದ್ದರೆ, ಅಥವಾ ಪ್ಲಗ್ಗನ್ನು ನಾಲ್ಕೈದು ಸೆಕೆಂಡು ಹಿಡಿಯಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಹೊರಗಿನ ಮೈ 60 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೆ ಒಳಗಿನ ಕೂಡು ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ.

ಎಲೆಕ್ಟ್ರಿಷಿಯನ್ನರಿಂದ ಇನ್ನೊಂದು ಅಳತೆ ಮಾಡಿಸಿ. ಚಾರ್ಜಿಂಗ್ ಆರಂಭಕ್ಕೆ ಮೊದಲು ಸಾಕೆಟ್ಟಿನಲ್ಲಿ 232 ವೋಲ್ಟ್ ಇತ್ತು, 10 ಆಂಪಿಯರ್ ಎಳೆಯುವಾಗ 219ಕ್ಕೆ ಇಳಿಯಿತು ಎಂದುಕೊಳ್ಳೋಣ. ಹದಿಮೂರು ವೋಲ್ಟ್, ಹತ್ತು ಆಂಪಿಯರ್, ಎಂದರೆ 130 ವ್ಯಾಟ್ ದಾರಿಯಲ್ಲೆಲ್ಲೋ ಬಿಸಿಯಾಗಿ ಹೋಗುತ್ತಿದೆ. ಅದೇ ಹೊತ್ತಿನಲ್ಲಿ ಮುಖ್ಯ ಬೋರ್ಡಿನಲ್ಲಿಯೂ ಅಳೆದರೆ, ಇಳಿತ ಹೊರಗಿನ ಸರಬರಾಜಿನದೋ ಮನೆಯೊಳಗಿನ ವೈರಿನದೋ ಎಂದು ಬೇರೆಯಾಗಿ ತಿಳಿಯುತ್ತದೆ. ಒಳಗಿನ ಇಳಿತ ದೊಡ್ಡದಿದ್ದರೆ ಕೂಡುಗಳನ್ನು ಒಂದೊಂದಾಗಿ ಹುಡುಕಿಸಿ. ಒಂದು ತಿಂಗಳು ಕಳೆದ ಮೇಲೆ, ವಿದ್ಯುತ್ ಕಡಿತಗೊಳಿಸಿ, ತಿರುಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸುವುದು ಒಳ್ಳೆಯದು. ಬಿಸಿಯಾಗಿ ತಣಿಯುವ ಆವರ್ತನದಲ್ಲಿ ಅವು ಸಡಿಲವಾಗಬಹುದು.

ಹಂತ 5: ಬ್ಯಾಟರಿಯ ಬಗೆ ತಿಳಿದು ಮಿತಿ ಇಡುವುದು

ಕೈಪಿಡಿಯಲ್ಲಿ ಬ್ಯಾಟರಿಯ ರಸಾಯನ ಯಾವುದೆಂದು ಹುಡುಕಿ. ಬಹುತೇಕ ಕಾರುಗಳಲ್ಲಿ ಎರಡರಲ್ಲಿ ಒಂದು ಇರುತ್ತದೆ: ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ, ಅಥವಾ ಕಬ್ಬಿಣ ಮತ್ತು ಫಾಸ್ಫೇಟ್ ಇರುವ ಎಲ್‌ಎಫ್‌ಪಿ. ಎಲ್‌ಎಫ್‌ಪಿಯಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಕಾದಾಗ ಅದು ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಹೀಗಾಗಿ ಅದು ಹೆಚ್ಚು ಬಿಸಿ ತಡೆಯುತ್ತದೆ. ಬೆಂಕಿ ಹತ್ತುವುದೇ ಇಲ್ಲವೆಂದು ಮಾತ್ರ ತಿಳಿಯಬಾರದು, ಏಕೆಂದರೆ ಒಳಗಿನ ದ್ರವ ಅದರಲ್ಲಿಯೂ ಉರಿಯುವಂಥದ್ದೇ.

ಎನ್‌ಎಂಸಿ ಇದ್ದರೆ ದಿನದ ಮಿತಿಯನ್ನು ಶೇಕಡ 80ಕ್ಕೆ ಇಟ್ಟು, ದೂರದ ಪ್ರಯಾಣದ ಹಿಂದಿನ ರಾತ್ರಿ ಮಾತ್ರ 100ಕ್ಕೆ ಏರಿಸಿ. ತುಂಬಿದ ಕೋಶ 4.2 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುವಾಗ, ಅದರಲ್ಲಿಯೂ ಬಿಸಿಲಿನಲ್ಲಿ, ಬೇಗ ಸವೆಯುತ್ತದೆ. ಎಲ್‌ಎಫ್‌ಪಿಯ ಮಾತು ಬೇರೆ. ಅದರ ವೋಲ್ಟೇಜು ಬಹುದೂರದವರೆಗೆ ಬಹುತೇಕ ಒಂದೇ ಮಟ್ಟದಲ್ಲಿ ಇರುವುದರಿಂದ ಉಳಿದ ಚಾರ್ಜೆಷ್ಟೆಂದು ಕಾರಿಗೇ ಅಂದಾಜು ತಪ್ಪುತ್ತದೆ. ಆದ್ದರಿಂದಲೇ ತಯಾರಕರು ಅದನ್ನು ಆಗಾಗ, ಅನೇಕರು ವಾರಕ್ಕೊಮ್ಮೆ, ಪೂರ್ತಿ 100ರವರೆಗೆ ತುಂಬಿಸಲು ಹೇಳುತ್ತಾರೆ. ಈ ವ್ಯತ್ಯಾಸ ತಿಳಿಯದೆ ಎಲ್‌ಎಫ್‌ಪಿ ಕಾರನ್ನು ತಿಂಗಳುಗಟ್ಟಲೆ 80ರಲ್ಲೇ ನಿಲ್ಲಿಸಿ, ಶೇಕಡ 15 ತೋರಿಸುತ್ತಿದ್ದ ಕಾರು ದಾರಿಯಲ್ಲಿ ಏಕಾಏಕಿ ಸೊನ್ನೆಗೆ ಇಳಿಯಿತೆಂದು ಗಾಬರಿಯಾಗುವವರು ಬಹಳ.

ಹಂತ 6: ದಿನನಿತ್ಯದ ಕ್ರಮ

ಸಾಕೆಟ್ಟಿಗೆ ಹಾಕುವ ಕೇಬಲ್ಲಾದರೆ ಮೊದಲು ಗೋಡೆಯ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿ, ಪೆಟ್ಟಿಗೆ ತನ್ನ ಪರೀಕ್ಷೆ ಮುಗಿಸಿ ಹಸಿರು ದೀಪ ತೋರಿಸುವವರೆಗೆ ಕಾಯಿರಿ. ಆಮೇಲೆ ಕಾರಿಗೆ ಸಿಕ್ಕಿಸುವ ಕಡೆಯ ಹಿಡಿಯನ್ನು (ಚಾರ್ಜಿಂಗ್ ಗನ್) ಟಕ್ ಎಂಬ ಸದ್ದು ಬರುವಂತೆ ಒತ್ತಿ ಕೂರಿಸಿ. ತೆಗೆಯುವಾಗ ಇದರ ತಿರುಗುಮುರುಗು: ಚಾರ್ಜಿಂಗ್ ನಿಲ್ಲಿಸಿ, ಕಾರಿನಿಂದ ಬಿಡಿಸಿ, ಕೊನೆಯಲ್ಲಿ ಗೋಡೆಯದು. ಕರೆಂಟು ಹರಿಯುತ್ತಿರುವಾಗ ಗೋಡೆಯ ಪ್ಲಗ್ಗನ್ನು ಎಳೆದರೆ ಕಡ್ಡಿಯ ತುದಿಯಲ್ಲಿ ಕಿಡಿ ಹಾರಿ ಲೋಹ ಒರಟಾಗುತ್ತದೆ. ಮುಂದಿನ ಸಲದ ಬಿಸಿಗೆ ಅದೇ ಬೀಜ.

ಕೇಬಲ್ಲಿನ ಪೆಟ್ಟಿಗೆಯ ಭಾರ ಪ್ಲಗ್ಗಿನ ಮೇಲೆ ಜೋತುಬಿದ್ದಿದ್ದರೆ ಪ್ಲಗ್ಗು ದಿನದಿನಕ್ಕೆ ವಾಲಿ ಹಿಡಿತ ಕಳೆದುಕೊಳ್ಳುತ್ತದೆ. ಗೋಡೆಗೆ ಒಂದು ಕೊಕ್ಕೆ ಹೊಡೆಸಿ ಪೆಟ್ಟಿಗೆಯನ್ನು ಅದಕ್ಕೆ ತೂಗುಹಾಕಿ. ಕಾರಿನ ಸುತ್ತ ರಟ್ಟಿನ ಪೆಟ್ಟಿಗೆ, ಬಣ್ಣದ ಡಬ್ಬಿ, ಅಡುಗೆ ಅನಿಲದ ಸಿಲಿಂಡರ್ ಇರಬಾರದು. ಮನೆಯಿಂದ ಹೊರಗೆ ಓಡುವ ದಾರಿ ಕಾರಿನ ಪಕ್ಕದಲ್ಲಿಯೇ ಹಾದುಹೋಗುವಂತಿದ್ದರೆ ಕಾರನ್ನು ಬೇರೆ ಕಡೆ ನಿಲ್ಲಿಸಲು ಸಾಧ್ಯವೇ ಎಂದು ನಿಜವಾಗಿ ಯೋಚಿಸಿ.

ಹಂತ 7: ಬಿಸಿಲು, ಚಳಿ, ದೀರ್ಘ ನಿಲುಗಡೆ

ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಕೋಶವನ್ನು ವೇಗವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಲೋಹವಾಗಿ ಮೇಲ್ಮೈಯಲ್ಲೇ ಕೂರುತ್ತದೆ. ಮುಂದೆ ಅದು ಒಳಗಿನ ಶಾರ್ಟ್‌ಗೆ ದಾರಿ ಮಾಡಬಹುದು. ಕಾರು ತಾನೇ ವೇಗ ಇಳಿಸಿ ಇದನ್ನು ತಡೆಯುತ್ತದೆ. ಓಡಿಸಿ ಬಂದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗ ಚಾರ್ಜ್‌ಗೆ ಹಾಕುವುದು ಚಳಿಯಲ್ಲಿ ಸರಿಯಾದ ಅಭ್ಯಾಸ. ಸುಡುಬಿಸಿಲಿನಲ್ಲಿ ಅದಕ್ಕೆ ವಿರುದ್ಧ: ನೆರಳಿನಲ್ಲಿ ಒಂದು ಗಂಟೆ ತಣಿಯಲು ಬಿಟ್ಟು ಆಮೇಲೆ ಹಾಕಿ.

ವಾರಗಟ್ಟಲೆ ಊರಿನಲ್ಲಿರುವುದಿಲ್ಲವಾದರೆ ಸುಮಾರು ಶೇಕಡ 50ರಲ್ಲಿ ನಿಲ್ಲಿಸಿ ಪ್ಲಗ್ಗು ಕೀಳಬಹುದು. ಕೆಲವು ತಯಾರಕರು ಹಾಕಿಟ್ಟೇ ಹೋಗಲು ಹೇಳುತ್ತಾರೆ. ಆಗ ಅವರ ಮಾತನ್ನು ಪಾಲಿಸಿ. ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತರೆ ಕಾರಿನ ಬಾಗಿಲೂ ತೆರೆಯದಿರಬಹುದು, ಕೈಯಿಂದ ತೆರೆಯುವ ವಿಧಾನವನ್ನು ಮೊದಲೇ ಓದಿಟ್ಟುಕೊಳ್ಳಿ.

ಹಂತ 8: ತಳಕ್ಕೆ ಬಿದ್ದ ಏಟು ಮತ್ತು ನೀರು

ಬ್ಯಾಟರಿ ಕಾರಿನ ನೆಲದಲ್ಲೇ ಮಲಗಿರುತ್ತದೆ. ಕಲ್ಲು ಬಡಿದು ತಳ ಒಳಸರಿದರೆ ಕೋಶವೊಂದು ಒಳಗೇ ಜಜ್ಜಿಹೋಗಿರಬಹುದು, ಪರಿಣಾಮ ಕಾಣಿಸಲು ದಿನಗಳೇ ಹಿಡಿಯಬಹುದು. ಚೀನಾ ತನ್ನ ಪರಿಷ್ಕೃತ ಬ್ಯಾಟರಿ ಸುರಕ್ಷತಾ ಮಾನದಂಡ ಜಿಬಿ 38031-2025ರಲ್ಲಿ ತಳಕ್ಕೆ ಏಟು ಕೊಟ್ಟು ನೋಡುವ ಪರೀಕ್ಷೆಯನ್ನು ಹೊಸದಾಗಿ ಸೇರಿಸಿರುವುದು ಈ ಅಪಾಯವನ್ನು ಗಣನೆಗೆ ತೆಗೆದುಕೊಂಡೇ. ಜೋರು ಏಟು ಬಿದ್ದ ದಿನ ಟಾರ್ಚು ಹಿಡಿದು ತಳ ನೋಡಿ. ತಗ್ಗು, ಬಿರುಕು, ದ್ರವದ ಸೋರಿಕೆ ಕಂಡರೆ ಚಾರ್ಜ್‌ಗೆ ಹಾಕದೆ ಸರ್ವಿಸ್ ಕೇಂದ್ರಕ್ಕೆ ತಿಳಿಸಿ. ಕಾರೆತ್ತಲು ಜಾಕನ್ನು ಬ್ಯಾಟರಿಯ ಕೆಳಗೆ ಎಂದೂ ಇಡಬೇಡಿ.

ಪ್ರವಾಹದ ನೀರಿನಲ್ಲಿ ಮುಳುಗಿದ ಕಾರನ್ನು ಒಣಗಿದ ಮೇಲೂ ಚಾಲೂ ಮಾಡಬಾರದು, ಚಾರ್ಜ್ ಮಾಡಬಾರದು. ಉಪ್ಪುನೀರು ಇನ್ನೂ ಕೆಟ್ಟದ್ದು. ನೀರು ಆರಿದ ಮೇಲೂ ಉಪ್ಪಿನ ಪದರ ಉಳಿದು ವಿದ್ಯುತ್ತಿಗೆ ದಾರಿಯಾಗುತ್ತದೆ. 2022ರಲ್ಲಿ ಇಯಾನ್ ಚಂಡಮಾರುತದ ನಂತರ ಫ್ಲಾರಿಡಾದಲ್ಲಿ ಸಮುದ್ರದ ನೀರು ಹೊಕ್ಕ ಕೆಲವು ವಿದ್ಯುತ್ ಕಾರುಗಳಿಗೆ ದಿನಗಳ ನಂತರ ಬೆಂಕಿ ಹತ್ತಿತ್ತು. ಅಂಥ ಕಾರನ್ನು ಕಟ್ಟಡಗಳಿಂದ ಕನಿಷ್ಠ 15 ಮೀಟರ್ ದೂರದ ಬಯಲಿನಲ್ಲಿ ಇಡಿಸಬೇಕು.

ಹಂತ 9: ಎಚ್ಚರಿಕೆಯ ಸೂಚನೆಗಳು ಮತ್ತು ತಕ್ಷಣದ ಕೆಲಸ

ಚಾರ್ಜ್ ಪದೇ ಪದೇ ತಾನಾಗಿ ನಿಲ್ಲುವುದು, ಶೇಕಡಾವಾರು ಏಕಾಏಕಿ ಕುಸಿಯುವುದು, ಕಾರು ನಿಂತಿದ್ದಾಗಲೂ ತಂಪುಗೊಳಿಸುವ ಫ್ಯಾನು ಎಂದಿಗಿಂತ ಬಹಳ ಹೊತ್ತು ಓಡುವುದು, ಬ್ಯಾಟರಿ ಎಚ್ಚರಿಕೆಯ ದೀಪ ಆರದಿರುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಕಾರನ್ನು ಬಯಲಿಗೆ ತಂದು ನಿಲ್ಲಿಸಿ ಪರೀಕ್ಷೆಗೆ ಕೊಡಿ.

ತಳದಿಂದ ಬುಸುಗುಡುವ ಸದ್ದು, ಚಟಪಟ ಸಿಡಿಯುವ ಸದ್ದು, ಸಿಹಿಯಾದ ಅಥವಾ ದ್ರಾವಕದಂಥ ವಾಸನೆ, ಬಿಳಿ ಆವಿ, ಇವು ಪರೀಕ್ಷೆಗೆ ಕಾಯುವ ಸೂಚನೆಗಳಲ್ಲ. ಒಂದು ಕೋಶ ತಡೆಯಿಲ್ಲದೆ ಕಾಯತೊಡಗಿ ಪಕ್ಕದ್ದನ್ನೂ ಕಾಯಿಸುತ್ತಿದೆ ಎಂದರ್ಥ. ಆ ಬಿಳಿ ಆವಿಯಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಅದು ಉಸಿರಿಗೆ ವಿಷ, ಮುಚ್ಚಿದ ಗ್ಯಾರೇಜಿನಲ್ಲಿ ಶೇಖರವಾದರೆ ಸ್ಫೋಟಿಸಲೂಬಹುದು. ವಿಶ್ವಸಂಸ್ಥೆಯ ಅಡಿಯಲ್ಲಿ ರೂಪುಗೊಂಡ ಜಾಗತಿಕ ತಾಂತ್ರಿಕ ನಿಯಮ 20ರ ಪ್ರಕಾರ, ಕಾರಿನೊಳಗೆ ಅಪಾಯ ತಲುಪುವುದಕ್ಕೆ ಕನಿಷ್ಠ 5 ನಿಮಿಷ ಮೊದಲು ಎಚ್ಚರಿಕೆ ಬರಬೇಕು. ಆ ಐದು ನಿಮಿಷ ಇರುವುದು ಜನ ಹೊರಬರುವುದಕ್ಕೆ. ಸಾಮಾನು ಇಳಿಸುವುದಕ್ಕೆ ಅದನ್ನು ಕಳೆಯಬೇಡಿ.

ಕ್ರಮ ಹೀಗಿರಲಿ: ಎಲ್ಲರನ್ನೂ ಹೊರಗೆ ಕರೆತನ್ನಿ, ಗಾಳಿ ಬರುವ ದಿಕ್ಕಿಗೆ ಸಾಗಿ ದೂರ ನಿಲ್ಲಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ "ವಿದ್ಯುತ್ ಕಾರು" ಎಂದೂ ಅದು ಚಾರ್ಜ್‌ನಲ್ಲಿದೆಯೇ ಎಂದೂ ಮೊದಲ ವಾಕ್ಯದಲ್ಲೇ ತಿಳಿಸಿ. ಮುಖ್ಯ ಸ್ವಿಚ್ಚು ಹೊಗೆಯಿಂದ ದೂರವಿದ್ದರೆ ಮಾತ್ರ ಆರಿಸಿ. ಕಾರಿನ ಕೇಬಲ್ಲು ಕೀಳಲು ಹೋಗಬೇಡಿ. ಮನೆಯ ಚಿಕ್ಕ ಅಗ್ನಿಶಾಮಕ ಡಬ್ಬಿ ಬ್ಯಾಟರಿಯೊಳಗಿನ ಬಿಸಿಯನ್ನು ತಣಿಸಲಾರದು, ಅದನ್ನು ನಂಬಿ ಹತ್ತಿರ ಹೋಗಬೇಡಿ. ಹೊಗೆ ಕುಡಿದವರಿಗೆ ಆ ಹೊತ್ತಿಗೆ ಏನೂ ಅನಿಸದಿದ್ದರೂ ವೈದ್ಯರಿಗೆ ತೋರಿಸಬೇಕು.

ಬೆಂಕಿ ನಂದಿದ ಮೇಲೆ ಕಾರನ್ನು ಮತ್ತೆ ಗ್ಯಾರೇಜಿಗೆ ತಳ್ಳಬೇಡಿ. ಹಾನಿಗೊಳಗಾದ ಬ್ಯಾಟರಿ ಗಂಟೆಗಳ ನಂತರವೋ ದಿನಗಳ ನಂತರವೋ ಮತ್ತೆ ಹೊತ್ತಿಕೊಳ್ಳಬಹುದು. ಸಾಗಿಸಲು ಬಂದ ಟೋಯಿಂಗ್ ವಾಹನದವರಿಗೆ ಏನಾಯಿತೆಂದು ಬಿಡಿಸಿ ಹೇಳಿ, ಅದನ್ನು ಬೇರೆ ವಾಹನಗಳ ಪಕ್ಕದಲ್ಲಿ ಇಳಿಸದಂತೆ ಕೇಳಿಕೊಳ್ಳಿ. ಆ ಸಾಲಿನ ಸಾಕೆಟ್ಟು, ಎಂಸಿಬಿ, ಕೇಬಲ್ಲು ಎಲ್ಲವನ್ನೂ ಪರೀಕ್ಷಿಸಿ ಬದಲಿಸುವವರೆಗೆ ಅದಕ್ಕೆ ಬೇರೆ ಯಾವ ಉಪಕರಣವನ್ನೂ ಹಾಕಬಾರದು.